ಕೆಲಸ ಬಿಡದೆ ಪಿಎಚ್‌ಡಿ: ಕಲಾ ಆಯೋಜಕರಿಗೊಂದು ದಾರಿ

ಕೊಪ್ಪಳದಲ್ಲಿ ಒಂದು ತೊಗಲುಗೊಂಬೆ ಆಟ ಇಡಿಸಬೇಕೆಂದರೆ ಎಷ್ಟು ಓಡಾಟ! ಕಲಾವಿದರನ್ನು ಒಪ್ಪಿಸಬೇಕು, ಗಾಡಿ ಗೊತ್ತು ಮಾಡಬೇಕು, ಪರದೆ ಕಟ್ಟಲು ಜಾಗ ಹುಡುಕಬೇಕು, ಸಂಭಾವನೆಯ ಬಿಲ್ ಪಾಸ್ ಮಾಡಿಸಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದವರಿಗೆ ಇರುವ ತಿಳಿವಳಿಕೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅದನ್ನೇ ಸಂಶೋಧನೆಯಾಗಿ ಬೆಳೆಸಬಹುದು. ನೀವು ಕಟ್ಟುವ ಆಟ, ಪ್ರದರ್ಶನ, ಕಾರ್ಯಾಗಾರವೇ ಇಲ್ಲಿ ಸಂಶೋಧನೆಯ ದಾರಿ. ಬರವಣಿಗೆ ಅದರ ಜೊತೆಯಲ್ಲೇ ನಡೆಯುತ್ತದೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ 1980ರ ದಶಕದಿಂದ ಬೆಳೆದು ಬಂದ ಪದ್ಧತಿ ಇದು.

ಮೊದಲ ಕೆಲಸ, ಪ್ರಶ್ನೆ ಹುಡುಕುವುದು. 'ತೊಗಲುಗೊಂಬೆ ಆಟ: ಒಂದು ಅಧ್ಯಯನ' ಅಂತ ಶುರು ಮಾಡಬೇಡಿ. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಉತ್ಸವದ ವೇದಿಕೆಗೆಂದು 45 ನಿಮಿಷಕ್ಕೆ ಇಳಿಸುತ್ತೇವೆ, ಅಲ್ವಾ? ಆಗ ಯಾವ ಹಾಡು ಹೋಗುತ್ತದೆ, ಯಾವುದು ಉಳಿಯುತ್ತದೆ? ಅದನ್ನು ಯಾರು ತೀರ್ಮಾನಿಸುತ್ತಾರೆ, ಮೇಳದವರಾ, ನಾವಾ? ಇಂಥ ಪ್ರಶ್ನೆಗೆ ಓದಿ ಉತ್ತರ ಹೇಳಲಾಗದು. ಅದೇ ಮೇಳದ ಜೊತೆ ಒಂದೇ ಕಥೆಯನ್ನು ಮೂರು ಬಗೆಯಲ್ಲಿ ಆಡಿಸಿ ನೋಡಬೇಕು. ಇಲ್ಲವೇ ನಮ್ಮ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಯನ್ನೇ ತಗೊಳ್ಳಿ. ಹಗುರ ಮರ ಕೆತ್ತುವುದು, ಹುಣಸೆ ಬೀಜದ ಅಂಟು ಹಚ್ಚುವುದು, ಎಲ್ಲವನ್ನೂ ಮಳಿಗೆಯಲ್ಲೇ ಮಾಡಿ ತೋರಿಸಿದರೆ ಕೊಳ್ಳುವವರು ಬೆಲೆಯ ಬಗ್ಗೆ ಬೇರೆ ಥರ ಮಾತಾಡುತ್ತಾರಾ? ಇದೂ ಒಳ್ಳೆಯ ಪ್ರಶ್ನೆಯೇ.

ಆಮೇಲೆ ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರು. ನಮ್ಮ ಕಡೆಯವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹತ್ತಿರ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಇದೆ. ಆದರೆ ನಮ್ಮ ದೇಶದಲ್ಲಿ ಹೆಚ್ಚಿನ ಕಡೆ ಈಗಲೂ ಬರೆದ ಪ್ರಬಂಧಕ್ಕೇ ಪದವಿ. ಹಾಗಾಗಿ ಅರ್ಜಿ ಹಾಕುವ ಮೊದಲೇ ಬಿಡಿಸಿ ಕೇಳಿ: ನಾನು ಮಾಡುವ ಆಟವನ್ನೂ ಮೌಲ್ಯಮಾಪನಕ್ಕೆ ಹಿಡಿಯುತ್ತೀರಾ, ಇಲ್ಲ ಪ್ರಬಂಧ ಮಾತ್ರವಾ? ಪ್ರಬಂಧ ಮಾತ್ರ ಎಂದರೂ ಬೇಜಾರಾಗಬೇಡಿ. ಆಟವನ್ನು ಕ್ಷೇತ್ರಕಾರ್ಯದ ಭಾಗವಾಗಿ ಸಿನಾಪ್ಸಿಸ್‌ನಲ್ಲೇ (ಸಂಶೋಧನೆಯ ರೂಪುರೇಷೆಯಲ್ಲೇ) ಸೇರಿಸಬಹುದು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿಗೆ ಅವಕಾಶವಿದೆ. ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಓದಲು ಅನುಮತಿ ಇದೆ, ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ (ಪಿಎಚ್‌ಡಿಯ ತರಗತಿ ಪಾಠಗಳಿಗೆ) ಬಿಡುವು ಕೊಡುತ್ತೇವೆ ಎಂಬ ಮೂರೂ ಮಾತು ಅದರಲ್ಲಿರಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ದಿನಚರಿ. ಆಟ ಮುಗಿದ ರಾತ್ರಿಯೇ ಬರೆಯಿರಿ. ಯಾಕೆ ಆ ಜಾಗ ಆರಿಸಿದಿರಿ, ಯಾವ ದೃಶ್ಯ ಬಿಡಲು ಮೇಳದವರು ಒಪ್ಪಲಿಲ್ಲ, ಜನ ಯಾವಾಗ ಎದ್ದು ಹೋದರು, ಎಲ್ಲವೂ ಬೇಕು. ನಾನು ಒಮ್ಮೆ 'ವಿಡಿಯೊ ಇದೆಯಲ್ಲ' ಎಂದು ಬರೆಯದೆ ಬಿಟ್ಟೆ. ತಿಂಗಳಾದ ಮೇಲೆ ನೋಡಿದರೆ ವಿಡಿಯೊದಲ್ಲಿ ಪರದೆ ಮಾತ್ರ ಇತ್ತು. ಪರದೆಯ ಹಿಂದೆ ನಡೆದ ಚರ್ಚೆಯೇ ನನಗೆ ಬೇಕಾಗಿತ್ತು. ಅದು ಮತ್ತೆ ಸಿಗಲಿಲ್ಲ. ಪ್ರಬಂಧಕ್ಕೆ ಬೇಕಾಗುವುದು ಇಂಥ ತೀರ್ಮಾನಗಳ ಲೆಕ್ಕ. ಹಾಗಾಗಿ ಖರ್ಚಿನ ಚೀಟಿ, ಕೈಬಿಟ್ಟ ಯೋಜನೆಯ ಹಾಳೆಗಳನ್ನೂ ಇಟ್ಟುಕೊಳ್ಳಿ.

ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಂಥ ಹಿರಿಯರ ಜೀವಮಾನದ ವಿದ್ಯೆ ನಮ್ಮ ಪ್ರಬಂಧದ ಒಂದು ಅಡಿಟಿಪ್ಪಣಿಯಾಗಿ ಮುಗಿಯಬಾರದು. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಬರೆದದ್ದನ್ನು ಅವರ ಮುಂದೆ ಓದಿ ಹೇಳಿ. ಅವರು 'ಹಂಗಲ್ಲ' ಎಂದರೆ ಅದನ್ನೂ ಬರೆಯಿರಿ.

ವೇಳಾಪಟ್ಟಿಯನ್ನು ನಮ್ಮ ಊರಿನ ವರ್ಷಕ್ಕೆ ಹೊಂದಿಸಿ. ಕೊಪ್ಪಳದ ಗವಿಮಠದ ಜಾತ್ರೆ, ಉತ್ಸವಗಳ ದಿನಗಳಲ್ಲಿ ಒಂದು ಸಾಲು ಬರೆಯಲೂ ಪುರುಸೊತ್ತಿರುವುದಿಲ್ಲ. ಆಗ ಆಟ ನೋಡಿ, ಟಿಪ್ಪಣಿ ಮಾಡಿಕೊಳ್ಳಿ. ಅಧ್ಯಾಯಗಳನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಪ್ರತಿ ಸೆಮಿಸ್ಟರ್ ವಿಶ್ವವಿದ್ಯಾಲಯದ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕಲ್ಲ, ಆ ವರದಿಯನ್ನು ಜಾತ್ರೆಗೆ ಮೊದಲೇ ತಯಾರು ಮಾಡಿ. ಕೊನೆಯ ಆಟಕ್ಕೆ ಗೈಡ್‌ ಮತ್ತು ಸಮಿತಿಯವರನ್ನು ಊರಿಗೇ ಕರೆಸಿ. ಅವರು ಪರದೆಯ ಮುಂದೆ ಸ್ವಲ್ಪ ಹೊತ್ತು, ಹಿಂದೆ ಸ್ವಲ್ಪ ಹೊತ್ತು ಕೂರಲಿ.