ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೂ ವ್ಯಾಯಾಮ: ಮೊದಲು ಸ್ಕ್ಯಾನ್ ನೋಡಿ, ಆಮೇಲೆ ಕುರ್ಚಿ ಹಾಕಿ

"ನೀನು ಸುಮ್ನೆ ಮಲಗಿರವ್ವ, ಒಂದು ಕಡ್ಡಿನೂ ಎತ್ಬೇಡ." ಸ್ತನ ಕ್ಯಾನ್ಸರ್ ಹರಡಿದೆ ಎಂದು ಗೊತ್ತಾದ ದಿನದಿಂದ ಮನೆಯವರು ಪ್ರೀತಿಯಿಂದ ಹೇಳುವ ಮಾತಿದು. ಆದರೆ ಈ ರೋಗದ ಸುಸ್ತು ಮಲಗಿದರೆ ಇಳಿಯುವಂಥದ್ದಲ್ಲ. ಮಲಗಿದಷ್ಟೂ ತೊಡೆ ಸೊರಗುತ್ತದೆ, ಕೊನೆಗೆ ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಕೆಲಸವಾಗುತ್ತದೆ. ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ಹರಡಿದ ಸ್ತನ ಕ್ಯಾನ್ಸರ್ ಇದ್ದ 357 ಜನರನ್ನು ಸೇರಿಸಿ ನಡೆಸಿದ ಪ್ರಿಫರಬಲ್-ಎಫೆಕ್ಟ್ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ, ತಲಾ ಒಂದು ಗಂಟೆ, ಒಂಬತ್ತು ತಿಂಗಳ ಕಾಲ, ತರಬೇತುದಾರರ ಕಣ್ಣೆದುರು ವ್ಯಾಯಾಮ ಮಾಡಿದವರಿಗೆ ಸುಸ್ತು ಕಡಿಮೆಯಾಗಿತ್ತು, ದಿನದ ಬದುಕು ಹಗುರವಾಗಿತ್ತು. ಇದು ರೋಗವನ್ನು ವಾಸಿ ಮಾಡುವ ಮದ್ದಲ್ಲ. ಸುಸ್ತಿಗೆ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ.

"ಕಣ್ಣೆದುರು" ಎಂಬ ಮಾತಿಗೆ ಕಾರಣವಿದೆ. ಈ ಕ್ಯಾನ್ಸರ್ ಹೆಚ್ಚಾಗಿ ಹರಡುವ ಜಾಗಗಳಲ್ಲಿ ಮೂಳೆಯೂ ಒಂದು, ಟೊಳ್ಳಾದ ಮೂಳೆ ಸಣ್ಣ ಭಾರಕ್ಕೂ ಮುರಿಯಬಹುದು. ಆದ್ದರಿಂದ ಮೊದಲ ದಿನ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗ ಇತ್ತೀಚಿನ ಸ್ಕ್ಯಾನ್ ವರದಿ, ರಕ್ತ ಪರೀಕ್ಷೆ, ಕ್ಯಾನ್ಸರ್ ವೈದ್ಯರ ಚೀಟಿ ಮೂರೂ ಕೈಯಲ್ಲಿರಲಿ. ಚೀಟಿಯಲ್ಲಿ "ವ್ಯಾಯಾಮ ಮಾಡಬಹುದು" ಎಂದಷ್ಟೇ ಇದ್ದರೆ ಸಾಲದು. ಯಾವ ಮೂಳೆಯಲ್ಲಿ ಗಡ್ಡೆ ಇದೆ, ಅದು ಮುರಿಯುವ ಭಯ ಎಷ್ಟು ಎಂದು ಬರೆಸಿಕೊಳ್ಳಿ. ವರದಿ ನೋಡದೆ ನೇರ ವ್ಯಾಯಾಮಕ್ಕೆ ಇಳಿಸುವವರ ಹತ್ತಿರ ಮುಂದುವರಿಯಬೇಡಿ.

ಗಡ್ಡೆ ಬೆನ್ನುಮೂಳೆಯಲ್ಲಿದ್ದರೆ ಭಾರ ಹಿಡಿದು ಬಗ್ಗುವುದು, ತಿರುಚುವುದು ಬೇಡ. ತೊಡೆಮೂಳೆ ಅಥವಾ ಸೊಂಟದ ಮೂಳೆಯಲ್ಲಿದ್ದರೆ ಒಂದೇ ಕಾಲಿನ ಮೇಲೆ ನಿಲ್ಲುವುದು, ಕುಪ್ಪಳಿಸುವುದು ಬೇಡ. ತೋಳಿನ ಮೂಳೆಯಾದರೆ ಆ ಕೈಗೆ ತೂಕ ಬೇಡ. ಪಕ್ಕೆಲುಬಾದರೆ ಬೋರಲು ಮಲಗಿ ಮಾಡುವುದು ಬೇಡ. ಉಳಿದ ಭಾಗಗಳನ್ನು ದುಡಿಸಲು ಅಡ್ಡಿಯಿಲ್ಲ.

ಮನೆಗೆಲಸಕ್ಕೂ ಇದೇ ಲೆಕ್ಕ, ಇಲ್ಲೇ ಹೆಚ್ಚು ಎಡವಟ್ಟಾಗುವುದು. ಮುದ್ದೆ ತಿರುವುವಾಗ ಗಮನಿಸಿ: ಪಾತ್ರೆಯನ್ನು ಪಾದದಿಂದ ಒತ್ತಿ ಹಿಡಿದು, ಬೆನ್ನು ಬಗ್ಗಿಸಿ, ಎರಡೂ ಕೈಯಿಂದ ಕೋಲನ್ನು ಬಲವಾಗಿ ಸುತ್ತಿಸುತ್ತೇವೆ. ಬಗ್ಗುವುದು, ತಿರುಚುವುದು, ಭಾರ ಮೂರೂ ಒಟ್ಟಿಗೆ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸುವುದೂ ಹಾಗೇ. ಇವೆರಡನ್ನೂ ಬೇರೆಯವರಿಗೆ ಬಿಡಿ. ಕುಳಿತು ಸೊಪ್ಪು ಬಿಡಿಸಿ, ನಿಂತು ಒಗ್ಗರಣೆ ಹಾಕಿ, ತೊಂದರೆಯಿಲ್ಲ.

ಒಂದು ಗಂಟೆಯ ಪಾಠ ಹೀಗಿರುತ್ತದೆ: ಐದರಿಂದ ಹತ್ತು ನಿಮಿಷ ಮೈ ಬಿಸಿ ಮಾಡುವುದು, ನಡಿಗೆ ಅಥವಾ ಸೈಕಲ್, ಬಲದ ವ್ಯಾಯಾಮ, ಬೀಳದಂತೆ ಸಮತೋಲನದ ಅಭ್ಯಾಸ, ಕೊನೆಗೆ ನಿಧಾನಿಸುವುದು. ನಡಿಗೆಯನ್ನು ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಎರಡು ಮೂರು ನಿಮಿಷ ಸೇರಿಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಬಲದ ವ್ಯಾಯಾಮಕ್ಕೆ ಕುರ್ಚಿಯಿಂದ ಏಳುವುದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಚಕ್ರವಿಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿ. ಪ್ಲಾಸ್ಟಿಕ್ ಕುರ್ಚಿ ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತದೆ, ಬೇಡ. ಕುರ್ಚಿ ತಗ್ಗಾಗಿದ್ದರೆ ಮಡಿಸಿದ ಜಮಖಾನ ಹಾಕಿ ಎತ್ತರಿಸಿ. ಅಂಚಿಗೆ ಸರಿದು ಕುಳಿತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಇಡಿ. ಬೆನ್ನು ಗೂನಾಗಬಾರದು, ಸೊಂಟದ ಕೀಲಿನಿಂದ ಮುಂದಕ್ಕೆ ಬಾಗಿ. ಉಸಿರು ಬಿಡುತ್ತಾ ಎದ್ದು ನಿಲ್ಲಿ. ಕೂರುವಾಗ ಒಂದು, ಎರಡು, ಮೂರು ಎಣಿಸಿ. ಧೊಪ್ಪನೆ ಕುಳಿತರೆ ತೊಡೆಗೆ ಕೆಲಸವೇ ಇಲ್ಲ, ಬೆನ್ನಿಗೆ ಪೆಟ್ಟು. ಎಂಟರಿಂದ ಹನ್ನೆರಡು ಸಲ, ಎರಡು ನಿಮಿಷ ಬಿಡುವು, ಮತ್ತೊಂದು ಸುತ್ತು. ಸತತ ಎರಡು ಪಾಠಗಳಲ್ಲಿ ಹನ್ನೆರಡೂ ಸಲೀಸಾದರೆ ಮಾತ್ರ ಜಮಖಾನ ತೆಗೆಯಿರಿ. ತೊಡೆಮೂಳೆಯಲ್ಲಿ ಗಡ್ಡೆ ಇರುವವರು ಇದನ್ನು ಫಿಸಿಯೋ ಒಪ್ಪಿದ ಮೇಲೆಯೇ ಮಾಡಬೇಕು.

ತೋಳಿಗೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು, ಅರ್ಧ ಕೆಜಿ ಆಯಿತು. ಆಪರೇಷನ್ ಆದ ಕಡೆಯ ಕೈ ಬಾತಿದ್ದರೆ ಒತ್ತುತೋಳು (ಬಾವು ಹತೋಟಿಯಲ್ಲಿಡುವ ಬಿಗಿಯಾದ ಕೈಚೀಲ, ಕಂಪ್ರೆಷನ್ ಸ್ಲೀವ್) ಹಾಕಿಕೊಂಡೇ ಮಾಡಿ. ಸಂಜೆ ಬಳೆ ಬಿಗಿಯಾದರೆ ಮುಂದಿನ ಸಲ ತೂಕ ಇಳಿಸಿ.

ಕೆಲವು ಕಿಮೋ ಔಷಧಿಗಳಿಂದ ಪಾದ ಮರಗಟ್ಟುತ್ತದೆ. ಅಂಥವರು ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿ ಹಿಡಿಯುವ ಶೂ ಹಾಕಬೇಕು, ರಾತ್ರಿ ಗಾಯವಾಗಿದೆಯೇ ಎಂದು ಅಂಗಾಲು ನೋಡಿಕೊಳ್ಳಬೇಕು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿಯ ಸಮತಟ್ಟಾದ ದಾರಿ ಇದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಹರಕೆ ಇದ್ದರೆ ಬಸ್ಸಿನಲ್ಲಿ ಹೋಗಿ ತೀರಿಸಿ, ಅಮ್ಮನವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮಂಡ್ಯದ ಕಡೆ ಗದ್ದೆ ಬದು, ನಾಲೆ ಏರಿ ಬೇಡ. ಜಾರಿ ಬಿದ್ದರೆ ಮುರಿಯುವುದು ಗಡ್ಡೆ ಇರುವ ಮೂಳೆಯೇ. ಮನೆ ಮುಂದಿನ ಕಾಂಕ್ರೀಟ್ ರಸ್ತೆ ವಾಸಿ. ವಾರಕ್ಕೆರಡು ಸಲ ಮೈಸೂರಿಗೆ ಬರಲಾಗದವರು ಒಂದು ಪಾಠವನ್ನು ವಿಡಿಯೋ ಕಾಲ್‌ನಲ್ಲಿ ಮಾಡಲು ಫಿಸಿಯೋ ಅವರನ್ನು ಕೇಳಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಕಿಮೋ ಆದ ಮೊದಲ ಎರಡು ಮೂರು ದಿನ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಆದರೆ ಜ್ವರ 100.4 ಡಿಗ್ರಿ ಮುಟ್ಟಿದರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ, ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆಯಿದ್ದರೆ ವೈದ್ಯರನ್ನು ಕೇಳದೆ ತೂಕ ಮುಟ್ಟಬೇಡಿ.

ನೋವನ್ನು ಗುರುತಿಸುವುದು ಕಲಿಯಿರಿ. ವ್ಯಾಯಾಮದ ಮೈಕೈ ನೋವು ಎರಡೂ ಕಡೆ ಇರುತ್ತದೆ, ಎರಡು ದಿನದಲ್ಲಿ ಇಳಿಯುತ್ತದೆ. ಮೂಳೆ ನೋವು ಬೆರಳಿಟ್ಟು ತೋರಿಸುವ ಹಾಗೆ ಒಂದೇ ಕಡೆ ಇರುತ್ತದೆ, ರಾತ್ರಿ ಎಬ್ಬಿಸುತ್ತದೆ, ಕಾಲೂರಿದರೆ ಜಾಸ್ತಿಯಾಗುತ್ತದೆ. ಅಂಥ ನೋವು ಹೊಸದಾಗಿ ಬಂದರೆ ಮತ್ತೆ ಸ್ಕ್ಯಾನ್ ಆಗುವವರೆಗೆ ಆ ಭಾಗಕ್ಕೆ ರಜೆ. ಬೆನ್ನು ನೋವಿನ ಜೊತೆ ಕಾಲು ಸೋಲುವುದು, ಕೂರುವ ಜಾಗ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೇ ಹೋಗುವುದು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು, ಗಂಟೆಗಳ ಲೆಕ್ಕ. ಬಸ್ಸಿಗೆ, ಬೈಕಿಗೆ ಕೂರಿಸಬೇಡಿ. ಅಲುಗಾಡದಂತೆ ಮಲಗಿಸಿ, 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಫೈಲನ್ನು ಜೊತೆಗೇ ಕಳಿಸಿ.