ಹಳೇ ಸ್ಪ್ಲೆಂಡರಿಗೆ ಭಾನುವಾರದ ಒಂದು ಗಂಟೆ

ನಾನು ತೀರ್ಥಹಳ್ಳಿಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡುವವನು. ದಿನಕ್ಕೆ ಎಪ್ಪತ್ತು ಅಂಗಡಿ, ಮನೆ. ಅಂದ್ರೆ ಎಪ್ಪತ್ತು ಸಲ ಗಾಡಿ ನಿಲ್ಲಿಸಬೇಕು, ಎಪ್ಪತ್ತು ಸಲ ಕಿಕ್ಕರ್ ಒದೆಯಬೇಕು. ಆರು ವರ್ಷದ ಹಿಂದೆ 2009ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ತಗೊಂಡೆ, 22,000 ರೂಪಾಯಿಗೆ. ಮೀಟರ್ 41,000 ಕಿಲೋಮೀಟರ್ ತೋರಿಸುತ್ತಿತ್ತು. ಕಾಲಿಡುವ ರಬ್ಬರು, ಕಿಕ್ಕರಿನ ರಬ್ಬರು ಮಾತ್ರ ಸವೆದು ಕಬ್ಬಿಣ ಕಾಣುತ್ತಿತ್ತು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಮೀಟರಿಗಿಂತ ಈ ರಬ್ಬರುಗಳ ಮಾತು ನಂಬಬಹುದು.

ಮೊದಲ ವರ್ಷ ಎಲ್ಲದಕ್ಕೂ ಗ್ಯಾರೇಜಿಗೆ ಹೋದೆ. ಲೆಕ್ಕ ಬರೆಯುವುದು ನನ್ನ ಕಸುಬು, ಹಾಗಾಗಿ ಗಾಡಿ ಖರ್ಚನ್ನೂ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿದ್ದೆ. ವರ್ಷಕ್ಕೆ 9,400 ಆಯಿತು. ಅದರಲ್ಲಿ ಸಾಮಾನಿಗೆ ಕೊಟ್ಟಿದ್ದು ಮೂರು ಸಾವಿರ ಚಿಲ್ಲರೆ. ಮಿಕ್ಕಿದ್ದೆಲ್ಲ ಬಿಗಿ ಮಾಡಿದ್ದಕ್ಕೆ, ಸಡಿಲ ಮಾಡಿದ್ದಕ್ಕೆ, ಒರೆಸಿದ್ದಕ್ಕೆ, ಎಣ್ಣೆ ಬಿಟ್ಟಿದ್ದಕ್ಕೆ. ಇಷ್ಟನ್ನು ನಾನೇ ಮಾಡಬಹುದಲ್ವಾ ಅನ್ನಿಸಿತು. ಆವತ್ತಿಂದ ಭಾನುವಾರ ತಿಂಡಿ ಆದಮೇಲೆ ಒಂದು ಗಂಟೆ ಗಾಡಿಗೆ.

ಸಾಮಾನು ಜಾಸ್ತಿ ಬೇಡ. 10-11, 12-13, 14-17 ರಿಂಗ್ ಸ್ಪಾನರ್, ಒಂದು 19 ನಂಬರ್, ಪ್ಲಗ್ ಸ್ಪಾನರ್, ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂ ಡ್ರೈವರ್, ಹಳೇ ಹಲ್ಲುಜ್ಜುವ ಬ್ರಶ್ಶು, ಬನಿಯನ್ ಬಟ್ಟೆ. ಸ್ಪಾನರ್ ಮಾತ್ರ ಒಳ್ಳೇದು ತಗೊಳ್ಳಿ. ಸಂತೆಯಲ್ಲಿ ಸಿಗುವ ಅಗ್ಗದ್ದು ಮೊದಲ ತಿಂಗಳಲ್ಲೇ ಬಾಯಿ ಅಗಲ ಮಾಡಿಕೊಂಡು ನಟ್ಟಿನ ಮೂಲೆಗಳನ್ನೂ ಸವೆಸುತ್ತದೆ.

ಗಾಡಿ ಮನೆಗೆ ತಂದ ಮರುದಿನ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಸ್ಟಾರ್ಟ್ ಮಾಡಿ ಸೈಲೆನ್ಸರ್ ಹಿಂದೆ ನಿಂತು ನೋಡಿ. ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆ (ಅಂದ್ರೆ ಇಂಜಿನ್ ಆಯಿಲ್ ಉರಿಯುತ್ತಿದೆ) ಬಂದು ಸ್ವಲ್ಪ ಹೊತ್ತಿಗೆ ನಿಂತುಹೋದರೆ ವಾಲ್ವ್ ಸೀಲ್ ಹೋಗಿರಬಹುದು. ಓಡಿಸುವಾಗ ಎಕ್ಸಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು, ಸಿಲಿಂಡರ್ ಬೋರ್ ಕಡೆ ಅನುಮಾನ ಪಡಬೇಕು. ಆಮೇಲೆ ಪ್ಲಗ್ ಬಿಚ್ಚಿ. ತುದಿ ಕಾಫಿಪುಡಿ ಬಣ್ಣದಲ್ಲಿದ್ದರೆ ನೆಮ್ಮದಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ, ಮೊದಲು ಏರ್ ಫಿಲ್ಟರ್ ನೋಡಿ. ಎಣ್ಣೆ ಎಣ್ಣೆಯಾಗಿದ್ದರೆ ಮೇಲಿನ ಹೊಗೆಯ ಕಥೆಯೇ. ಏರ್ ಫಿಲ್ಟರ್ ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಸ್ವಲ್ಪ ಇಂಜಿನ್ ಆಯಿಲ್ ಸವರಿ ಹಾಕಬಹುದು. ಕಾಗದದ್ದಾದರೆ ತೊಳೆಯಲೇಬಾರದು, ಹೊಸದು ಹಾಕಿ.

ಈಗ ಆಯಿಲ್. ಇದರಲ್ಲೇ ನನ್ನ ಮರ್ಯಾದೆ ಹೋಗಿದ್ದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಗಾಡಿ ಎರಡು ಕಿಲೋಮೀಟರ್ ಓಡಿಸಿ ಬನ್ನಿ. ಬಿಸಿ ಆಯಿಲ್ ಬೇಗ ಇಳಿಯುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಕೆಳಗೆ ಹಳೇ ಬೋಗುಣಿ ಇಟ್ಟು, ಇಂಜಿನ್ ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿ. ಬೋಲ್ಟ್ ಕೊನೆಯ ಸುತ್ತಿಗೆ ಬಂದಾಗ ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಕೊನೆಗೆ ಪಕ್ಕಕ್ಕೆ ಎಳೆದುಬಿಡಿ. ಇಲ್ಲದಿದ್ದರೆ ಬೋಲ್ಟ್ ಬೋಗುಣಿಯಲ್ಲಿ, ಬಿಸಿ ಆಯಿಲ್ ಮೊಣಕೈಯಲ್ಲಿ. ಇಳಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪಗಿದ್ದರೆ ಸಹಜ. ಹಾಲು ಹಾಕಿದ ಚಹಾದಂತಿದ್ದರೆ ನೀರು ಸೇರಿದೆ. ಕಬ್ಬಿಣದ ಚೂರು ಕೈಗೆ ತಾಗಿದರೆ ಮೆಕ್ಯಾನಿಕ್ ಹತ್ತಿರ ಹೋಗಿ, ತಡ ಮಾಡಬೇಡಿ.

ಬೋಲ್ಟ್ ವಾಪಸ್ ಹಾಕುವಾಗ ಹೊಸ ವಾಷರ್ ಹಾಕಿ. ಮೊದಲು ಕೈಯಲ್ಲೇ ತಿರುಗಿಸಿ, ಅದು ನೆಟ್ಟಗೆ ಹೋಗುತ್ತಿದೆ ಅಂತ ಖಾತ್ರಿ ಮಾಡಿಕೊಂಡು ಸ್ಪಾನರ್ ಹಿಡಿಯಿರಿ. ವಾಷರ್ ಕೂತಮೇಲೆ ಇನ್ನು ಕಾಲು ಸುತ್ತು, ಅಷ್ಟೇ. ನಾನು ಮೊದಲ ಸಲ ಸೋರಬಾರದು ಅಂತ ಸ್ಪಾನರಿಗೆ ಪೈಪ್ ಸಿಕ್ಕಿಸಿ ಎಳೆದೆ. ಬಿಗಿಯುತ್ತಾ ಬಿಗಿಯುತ್ತಾ ಹೋಗಿ, ಒಮ್ಮೆಲೇ ಬೆಣ್ಣೆಯಲ್ಲಿ ಸ್ಕ್ರೂ ತಿರುಗಿಸಿದಂತೆ ಮೆತ್ತಗಾಯಿತು. ಬೋಲ್ಟ್ ಉಕ್ಕು, ಇಂಜಿನ್ ಕೇಸ್ ಅಲ್ಯೂಮಿನಿಯಂ. ಸೋಲುವುದು ಯಾವುದು ಅಂತ ಹೇಳಬೇಕಾಗಿಲ್ಲ. ಗಾಡಿ ತಳ್ಳಿಕೊಂಡು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಬೆರಳು ಹಾಕಿ ನೋಡಿ, "ಪಿಗ್ಮಿಯವ್ರೇ, ಇದು ಬಾವಿಯಿಂದ ಕೊಡಪಾನ ಎಳ್ದಂಗಲ್ಲ" ಅಂದರು. ಓವರ್‌ಸೈಜ್ ಮರೆ (ಥ್ರೆಡ್) ಹೊಡೆದು ಹೊಸ ಬೋಲ್ಟ್ ಕೂರಿಸಿದರು. 450 ರೂಪಾಯಿ, ಒಂದು ದಿನದ ಕಲೆಕ್ಷನ್ ನಡೆದೇ ಮಾಡಿದೆ.

ಆಯಿಲ್ 10ಡಬ್ಲ್ಯೂ-30, ಬೈಕಿನ 4ಟಿ ಆಯಿಲ್ ಆಗಿರಬೇಕು, ಡಬ್ಬದ ಮೇಲೆ ಜಾಸೋ ಎಂಎ (JASO MA) ಅಂತ ಇರಬೇಕು. ಕಾರಿಗೆ ತಂದ ಆಯಿಲ್ ಮನೆಯಲ್ಲಿ ಉಳಿದಿದೆ ಅಂತ ಸುರಿಯಬೇಡಿ. ಈ ಬೈಕುಗಳಲ್ಲಿ ಕ್ಲಚ್ ಪ್ಲೇಟ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಜಾರಲು ಶುರುವಾಗುತ್ತದೆ. ಅಂಗಡಿಯಲ್ಲಿ 900 ಎಂಎಲ್ ಡಬ್ಬ ಕೊಡುತ್ತಾರೆ. ಎಲ್ಲ ಒಂದೇ ಸಲ ಸುರಿಯಬೇಡಿ. ಸ್ವಲ್ಪ ಉಳಿಸಿ, ಎರಡು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ, ಇನ್ನೆರಡು ನಿಮಿಷ ಬಿಟ್ಟು, ಗೇಜ್ ಕಡ್ಡಿ ಒರೆಸಿ, ತಿರುಗಿಸದೆ ಸುಮ್ನೆ ಇಳಿಸಿ ನೋಡಿ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರಬೇಕು. ನಾನು 2,500 ಕಿಲೋಮೀಟರಿಗೊಮ್ಮೆ ಬದಲಾಯಿಸುತ್ತೇನೆ. ಕಂಪನಿ ಇನ್ನೂ ಜಾಸ್ತಿ ದೂರ ಹೇಳುತ್ತದೆ, ಆದರೆ ಕಂಪನಿಯವರು ದಿನಕ್ಕೆ ಎಪ್ಪತ್ತು ಸಲ ನಿಲ್ಲಿಸಿ ಓಡಿಸಿ ನೋಡಿರಲಿಕ್ಕಿಲ್ಲ. ಹಳೇ ಆಯಿಲನ್ನು ಚರಂಡಿಗೆ, ತೋಟಕ್ಕೆ ಚೆಲ್ಲಬೇಡಿ. ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟರೆ ಬೇಡ ಅನ್ನುವುದಿಲ್ಲ.

ಚೈನು. ಸ್ಪ್ಲೆಂಡರಿನಲ್ಲಿ ಚೈನ್ ಪೂರ್ತಿ ಕವರಿನ ಒಳಗಿರುವುದರಿಂದ ಜನ ಅದನ್ನು ಮರೆತೇಬಿಡುತ್ತಾರೆ. ಕವರಿನ ಕೆಳಗೆ ಒಂದು ರಬ್ಬರ್ ಬಿರಡೆ ಇದೆ, ಅದನ್ನು ತೆಗೆದು ಬೆರಳಿನಿಂದ ಚೈನ್ ಮೇಲೆ ಕೆಳಗೆ ಆಡಿಸಿ. ಮುಕ್ಕಾಲು ಇಂಚಿನಿಂದ ಒಂದು ಇಂಚು ಆಡಬೇಕು. ಒಂದೇ ಕಡೆ ನೋಡಿ ಬಿಡಬೇಡಿ. ಹಳೇ ಚೈನ್ ಎಲ್ಲ ಕಡೆ ಒಂದೇ ಸಮ ಎಳೆದಿರುವುದಿಲ್ಲ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಕ್ಕಿಂತ ಬಿಗಿ ಇರುವ ಜಾಗದಲ್ಲಿ ಅಳತೆ ಹಿಡಿಯಿರಿ. ಇದನ್ನೆಲ್ಲ ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ, ಕೈಯಿಂದ ಚಕ್ರ ತಿರುಗಿಸಿಯೇ ಮಾಡಬೇಕು. ಇಂಜಿನ್ ಓಡಿಸಿ ಗೇರ್ ಹಾಕಿ ಚೈನ್ ಒರೆಸಲು ಹೋಗಿ ಬೆರಳಿನ ತುದಿ ಕಳಕೊಂಡವರನ್ನು ನಾನು ದಿನಾ ನೋಡುತ್ತೇನೆ. ಅವರು ನನಗೆ ಪಿಗ್ಮಿ ಕಟ್ಟುವಾಗ ನೋಟು ಎಣಿಸುವುದು ಎಡಗೈಯಲ್ಲಿ.

ಬಿಗಿ ಮಾಡಬೇಕಾದರೆ ಹಿಂದಿನ ಆಕ್ಸಲ್ ನಟ್ ಸಡಿಲಿಸಿ. ಚೈನ್ ಕಡೆಯ ದೊಡ್ಡ ಸ್ಲೀವ್ ನಟ್ಟನ್ನೂ ಸ್ವಲ್ಪ ಬಿಡಬೇಕು, ಇಲ್ಲದಿದ್ದರೆ ಚಕ್ರ ಸರಿಯುವುದಿಲ್ಲ. ಎರಡೂ ಕಡೆಯ ಅಡ್ಜಸ್ಟರ್ ನಟ್ಟುಗಳನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಬನ್ನಿ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೆ ಗೆರೆಗಳಿವೆ, ಎರಡೂ ಕಡೆ ಒಂದೇ ಗೆರೆಗೆ ನಿಲ್ಲಬೇಕು. ಇಲ್ಲದಿದ್ದರೆ ಚಕ್ರ ಓರೆಯಾಗಿ ಚೈನ್ ಹಲ್ಲನ್ನು ತಿನ್ನುತ್ತದೆ. ಎಲ್ಲ ಬಿಗಿದಮೇಲೆ ಆಟ ಇನ್ನೊಮ್ಮೆ ನೋಡಿ, ಆಕ್ಸಲ್ ಬಿಗಿಯುವಾಗ ಅದು ಬದಲಾಗುತ್ತದೆ. ಚಕ್ರ ಹಿಂದಕ್ಕೆ ಹೋದರೆ ಬ್ರೇಕ್ ಪೆಡಲ್ ಆಟವೂ ಕಡಿಮೆಯಾಗುತ್ತದೆ. ಅದನ್ನೂ ಸರಿ ಮಾಡಿಕೊಳ್ಳಿ.

ಚೈನಿಗೆ ನಾನು ಹಾಕುವುದು 90 ನಂಬರ್ ಗೇರ್ ಆಯಿಲ್. ಸೀಮೆಎಣ್ಣೆ, ಬ್ರಶ್ಶಿನಿಂದ ಕೊಳೆ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಕೊಂಡಿ ಕೊಂಡಿಗೂ ಒಂದೊಂದು ಹನಿ. ಬೇಸಿಗೆಯಲ್ಲಿ 500 ಕಿಲೋಮೀಟರಿಗೊಮ್ಮೆ, ನಮ್ಮ ಕಡೆಯ ಜೂನ್-ಜುಲೈನಲ್ಲಿ ವಾರಕ್ಕೊಮ್ಮೆ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲುಗಳು ಗರಗಸದಂತೆ ಒಂದು ಕಡೆಗೆ ಬಾಗಿ ಚೂಪಾಗಿದ್ದರೆ ಎಣ್ಣೆ ಬಿಟ್ಟು ಪ್ರಯೋಜನ ಇಲ್ಲ. ಚೈನ್, ಎರಡು ಸ್ಪ್ರಾಕೆಟ್ ಸೇರಿಸಿ ಸೆಟ್ಟನ್ನೇ ಬದಲಾಯಿಸಿ.

ಮಳೆಗಾಲದ ಇನ್ನೊಂದು ಕಾಟ ಪೆಟ್ರೋಲಿನಲ್ಲಿ ನೀರು. ಹೋದ ಜುಲೈನಲ್ಲಿ ಆಗುಂಬೆ ಕಡೆಯಿಂದ ಬರುವಾಗ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಬಸ್ ಸ್ಟ್ಯಾಂಡಿನ ಶೀಟಿನ ಕೆಳಗೆ ನಿಲ್ಲಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಇಂಜಿನ್ ಆರುವವರೆಗೆ ಕಾದೆ. ಕಾರ್ಬೊರೇಟರಿನ ತಳದ ಬಟ್ಟಲಿಗೆ ಒಂದು ಸಣ್ಣ ಡ್ರೈನ್ ಸ್ಕ್ರೂ ಇರುತ್ತದೆ. ಬಾಟಲಿ ಮುಚ್ಚಳ ಕೆಳಗೆ ಹಿಡಿದು ಅದನ್ನು ಎರಡು ಸುತ್ತು ಸಡಿಲಿಸಿದೆ. ಮುಚ್ಚಳದಲ್ಲಿ ಪೆಟ್ರೋಲಿನ ಅಡಿಗೆ ಕೆಸುವಿನ ಎಲೆ ಮೇಲಿನ ಹನಿಯಂತೆ ನೀರಿನ ಗುಂಡು ಉರುಳಾಡುತ್ತಿತ್ತು. ಸ್ಕ್ರೂ ಬಿಗಿದು, ಕಾಕ್ ತೆರೆದು, ಮೂರನೇ ಒದೆತಕ್ಕೆ ಸ್ಟಾರ್ಟ್. ಆಗ ಹತ್ತಿರ ಬೀಡಿ ಸೇದುವವರಿದ್ದರೆ ಮುಲಾಜಿಲ್ಲದೆ ದೂರ ಕಳಿಸಿ.

ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಡಲು ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ ಮೇಲಿನ ತುದಿಗೆ ದಾರದಲ್ಲಿ ಕಟ್ಟಿ, ಎರಡು ಚಮಚ ಇಂಜಿನ್ ಆಯಿಲ್ ಹಾಕಿ ರಾತ್ರಿ ಬಿಡಿ. ನಾನೊಮ್ಮೆ ಬುದ್ಧಿವಂತಿಕೆ ಮಾಡಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿನ ಚಳಿಗೆ ಎಣ್ಣೆ ಗಟ್ಟಿಯಾಗಿ ಬೆಳಿಗ್ಗೆ ಕ್ಲಚ್ಚೇ ಬರಲಿಲ್ಲ! ಲಿವರಿನ ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಆಟ ಇರಲಿ.

ಬ್ರೇಕು ಡ್ರಮ್ಮಿನದು. ಬ್ರೇಕ್ ಒತ್ತಿ ಹಿಡಿದಾಗ ಹೊರಗಿನ ತೋಳಿನ ಬಾಣದ ಗುರುತು ಪ್ಲೇಟಿನ ಗುರುತಿಗೆ ಮುಟ್ಟಿದರೆ ಶೂ ಮುಗಿದಿದೆ ಅಂತ ಅರ್ಥ. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬೇರೆಯವರ ಕೈಯಲ್ಲಿ ಚಕ್ರ ಬಿಚ್ಚಿಸಿದಾಗಲೂ ಹಿಂದಿನ ಬ್ರೇಕ್ ರಾಡಿನ ನಟ್ಟು ನೀವೇ ನೋಡಿ. ಪಂಕ್ಚರ್ ಹಾಕಿಸಿಕೊಂಡು ಬಂದ ಒಂದು ಸಂಜೆ ನನ್ನ ಗಾಡಿಯಲ್ಲಿ ಅದು ಎರಡೇ ಮರೆ ಹಿಡಿದುಕೊಂಡಿತ್ತು.

ಗಾಳಿ: ಮುಂದೆ 25 ಪಿಎಸ್‌ಐ, ಹಿಂದೆ 28. ಹಿಂದೆ ಜನ ಕೂತರೆ 40. ಟೈರ್ ತಣ್ಣಗಿದ್ದಾಗ. ಬ್ಯಾಟರಿ ನೀರು ಹಾಕುವಂಥದ್ದಾದರೆ ಅಪ್ಪರ್, ಲೋಯರ್ ಗೆರೆಗಳ ನಡುವೆ ಇರಲಿ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಲ್ಲ, ನಲ್ಲಿ ನೀರೂ ಅಲ್ಲ.

ಟ್ಯಾಪೆಟ್ ಅಡ್ಜಸ್ಟ್ ಮಾಡುವುದು, ಕ್ಲಚ್ ಪ್ಲೇಟ್, ಇಂಜಿನ್ ಒಳಗಿನ ಕಟಕಟ ಸದ್ದು, ಇವಕ್ಕೆ ನಾನು ಕೈ ಹಾಕುವುದಿಲ್ಲ. ಟ್ಯಾಪೆಟ್ಟಿನ ಸಂದು ಕೂದಲಿನಷ್ಟು, ಅದಕ್ಕೆ ಫೀಲರ್ ಗೇಜ್ ಬೇಕು, ಪಳಗಿದ ಕೈ ಬೇಕು. ವರ್ಷಕ್ಕೊಮ್ಮೆ ಮಳೆ ಮುಗಿದಮೇಲೆ ಮೆಕ್ಯಾನಿಕ್ ಹತ್ತಿರ ಹೋಗುತ್ತೇನೆ. ಹೋಗುವಾಗ ಡೈರಿಯ ಹಿಂದಿನ ಹಾಳೆ ಜೊತೆಗಿರುತ್ತದೆ. ಆಯಿಲ್ ಯಾವಾಗ, ಚೈನ್ ಎಷ್ಟನೇ ಗೆರೆಗೆ ಬಂತು, ಯಾವ ಸದ್ದು ಯಾವ ತಿಂಗಳಿಂದ, ಎಲ್ಲ ಅದರಲ್ಲಿದೆ. ಅವನು ಓದಿ ನಗುತ್ತಾನೆ. ಆದರೆ ಹೋದ ಸಲ ಆ ಹಾಳೆಯ ಫೋಟೊ ತೆಗೆದುಕೊಂಡ, ಅವನ ಹುಡುಗರಿಗೆ ತೋರಿಸಲಿಕ್ಕಂತೆ.