ರಜೆ ಕೊಟ್ಟು ರಕ್ತ ತೆಗೆದರೆ ಸೀಸ ಸಿಗುತ್ತಾ?

ಕೆಲಸಗಾರನಿಗೆ ಸೀಸ ಮೈಗೇರಿ ಹೊಟ್ಟೆನೋವು, ಸುಸ್ತು ಶುರುವಾದರೆ ಬ್ಯಾಟರಿ ಕಾರ್ಖಾನೆಯವರು ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಸಂಬಳ ಕೊಟ್ಟೇ ಒಂದೆರಡು ತಿಂಗಳು ಮನೆಗೆ ಕಳಿಸುತ್ತಾರೆ. ಆಮೇಲೆ ತಾವೇ ಲ್ಯಾಬಿಗೆ ಕರೆದುಕೊಂಡು ಹೋಗುತ್ತಾರೆ. ರಕ್ತದ ಸೀಸ ಹೆಚ್ಚುಕಮ್ಮಿ ತಿಂಗಳಿಗೆ ಅರ್ಧ ಇಳಿಯುತ್ತದೆ, ಐವತ್ತು ಇದ್ದದ್ದು ಇಪ್ಪತ್ತೈದಾಗುತ್ತದೆ. ಪರಿಹಾರ ಕೇಳಿ ಹಾಕಿದ ನಮ್ಮ ಮೊದಲ ಕೇಸುಗಳೆಲ್ಲ ಬಿದ್ದದ್ದು ಹೀಗೇ.

ಆಗ ನಾನು ಝಡ್‌ಪಿಪಿ (ಸೀಸ ಹೊಕ್ಕಾಗ ರಕ್ತದಲ್ಲಿ ಏರುವ ಜಿಂಕ್ ಪ್ರೋಟೋಪಾರ್ಫಿರಿನ್) ಪರೀಕ್ಷೆ ಹಿಡಿದೆ. ಅದು ಕೂರುವುದು ಕೆಂಪುಕಣದಲ್ಲಿ, ಕಣದ ಆಯಸ್ಸು ಸುಮಾರು 120 ದಿನ. ರಜೆ ಕೊಟ್ಟರೂ ಬೇಗ ಇಳಿಯಲ್ಲ. ವಕೀಲರು ನಕ್ಕರು. "ಕಬ್ಬಿಣಾಂಶ ಕಮ್ಮಿ ಇದ್ರೂ ಇದು ಏರುತ್ತೆ ಸ್ವಾಮಿ, ಎದುರಿನವರು ಬಿಡ್ತಾರಾ?" ಅಂದರು. ಸರಿ, ಜೊತೆಗೆ ಮೈಯಲ್ಲಿ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸಿದೆ. ಫೆರಿಟಿನ್ ನೆಟ್ಟಗಿದ್ದು ಝಡ್‌ಪಿಪಿ ಜಾಸ್ತಿ ಬಂತು. ಎದುರಿನವರ ಬಾಯಿ ಕಟ್ಟಿತು. ಈಗ ಅದೇ ವಕೀಲರು ಹೊಸ ಕೇಸು ಬಂದರೆ ಮೊದಲು ಕೇಳುವುದೇ ಫೆರಿಟಿನ್.

ಖರ್ಚು ಮಾತ್ರ ಕೇಳಬೇಡಿ. ಒಬ್ಬರಿಗೆ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಅದಕ್ಕೂ ಮುಂಚೆ ಅಗ್ಗ ಅಂತ ಬೆರಳು ಚುಚ್ಚುವ ಪರೀಕ್ಷೆ ಮಾಡಿಸಿದ್ದೆವು. ಬೆರಳ ಮೇಲಿನ ಧೂಳೇ ಸೇರಿದೆ ಅಂತ ಅದನ್ನು ತಳ್ಳಿಹಾಕಿದರು. ಆ ದುಡ್ಡು ಹೋಯಿತು. ತೋಳಿನ ರಕ್ತನಾಳದಿಂದಲೇ ತೆಗೆಸಿ.

ನಡುವೆ ಸುಮ್ನೆ ಒಂದು ಕುತೂಹಲಕ್ಕೆ ಕೆಲವರ ಮಕ್ಕಳ ರಕ್ತವನ್ನೂ ನೋಡಿಸಿದೆವು. ಅಪ್ಪನ ಬಟ್ಟೆಯಲ್ಲೇ ಸೀಸ ಮನೆಗೆ ಬರುತ್ತಲ್ವಾ? ಇಬ್ಬರಿಗೆ ಜಾಸ್ತಿಯೇ ಇತ್ತು. ಕೇಸಿಗೆ ಅದರಿಂದ ಉಪಯೋಗವಾಗಲಿಲ್ಲ. ಆದರೆ ಹೆಂಗಸರು ಗೇಟಿನ ಮುಂದೆ ಬಂದು ಕೂತರು, ಯೂನಿಫಾರಂ ಕಾರ್ಖಾನೆಯಲ್ಲೇ ಒಗೆಯುವ ಏರ್ಪಾಡಾಯಿತು. ಸಂಘದವರು ವರ್ಷಗಟ್ಟಲೆ ಕೇಳಿ ಸಿಗದ್ದು ಇದು.

ನಮ್ಮ ಕಡೆ ಆಗಿನ್ನೂ ಇಎಸ್‌ಐ ಬಂದಿರಲಿಲ್ಲ. ಇದ್ದಿದ್ದರೆ ಬೇರೆ ಕಾಯ್ದೆಯಡಿ ಪರಿಹಾರ ಕೇಳಲು ಅದರ ಸೆಕ್ಷನ್ 53 ಅಡ್ಡ ಬರುತ್ತಿತ್ತು. ಹಾಗಾಗಿ ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯಡಿ ಹಾಕಿದೆವು (2025ರಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂತು). ಅದರ ಮೂರನೇ ಶೆಡ್ಯೂಲಿನ ಎ ಭಾಗದಲ್ಲಿ, ಅಂದರೆ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ, ಸೀಸ ಇತ್ತು. ಮಾಲೀಕನ ಹತ್ತಿರ ಸೀಸದ ಕೆಲಸದಲ್ಲಿ ದುಡಿದದ್ದು ತೋರಿಸಿದರೆ ಸಾಕಿತ್ತು, ಕಾಯಿಲೆ ಕೆಲಸದಿಂದ ಬಂದಿಲ್ಲ ಅಂತ ಸಾಬೀತು ಮಾಡಬೇಕಾದವನು ಅವನೇ. ಗುತ್ತಿಗೆದಾರನ ಹಾಜರಿ ಪುಸ್ತಕ ಎಂದಿನಂತೆ 'ಕಳೆದುಹೋಗಿತ್ತು'. ದುಡಿದದ್ದನ್ನು ಹೇಗೆ ತೋರಿಸಿದೆವು ಅಂತ ಇಲ್ಲಿ ಬರೆಯಲ್ಲ, ಇನ್ನೂ ಕೇಸುಗಳಿವೆ.

ನಲವತ್ತರ ಆಸುಪಾಸಿನ ಒಬ್ಬರಿಗೆ ಕಾಲು ಭಾಗ ದುಡಿಮೆ ನಷ್ಟ ಅಂತಾಗಿ ನಾಲ್ಕು ಲಕ್ಷದ ಮೇಲೆ ಬಂತು. ಶೇಕಡಾ 12ರ ಬಡ್ಡಿ ಬೇರೆ. ಪರಿಹಾರ ತಡಮಾಡಿದ್ದಕ್ಕೆ ಹಾಕುವ ಸೆಕ್ಷನ್ 4ಎ ದಂಡಕ್ಕೆ ಇನ್ನೂ ಗುದ್ದಾಟ ನಡೆದಿದೆ. ಅರ್ಧದಷ್ಟರವರೆಗೂ ಹಾಕಬಹುದು, ಅರ್ಜಿಯಲ್ಲಿ ಮೊದಲೇ ಕೇಳಿಡಿ.